ಒಳಮುಖದ ಚಪ್ಪಲಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಇದ್ದದ್ದು ಒಂದೇ ಭಯ. ಮೂರು ವರ್ಷಕ್ಕೊಮ್ಮೆ, ಕಾರ್ತಿಕ ಹುಣ್ಣಿಮೆಯ ನಡುಮಧ್ಯಾಹ್ನ, ಮೂರು ತಲೆಯ ಹದ್ದು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿತ್ತು. ಅದನ್ನು ತಡೆಯಲು ಅರಮನೆಯ ಹೆಣಿಗೆ ಶಾಲೆಯಲ್ಲಿ ನೂರು ಜನ ಕೂತು ಬೆಳ್ಳಿ ಎಳೆಯ ಬಲೆ ಹೆಣೆಯುತ್ತಿದ್ದರು. ಯಾರು ಹೆಣೆದ ಬಲೆಯೋ ಅದನ್ನು ಅವರ ಬೀದಿಯ ಮೇಲೆಯೇ ಕಟ್ಟಬೇಕು. ಗಂಟು ಸಡಿಲ ಬಿಟ್ಟರೆ ಹೋಗುವುದು ಅವರದೇ ಮಗು. ಹಾಗಾಗಿ ಯಾರೂ ಸಡಿಲ ಬಿಡುತ್ತಿರಲಿಲ್ಲ.

ಹದ್ದನ್ನು ಸಾಕಿದವನು ಮಬ್ಬರಾಯನೆಂಬ ಮಾಂತ್ರಿಕ. ಅವನ ಬಳಿ ಹೊತ್ತು ತಿನ್ನುವ ಮೂರು ಪ್ರಾಣಿಗಳೂ ಇದ್ದವು. ಆದರೆ ಅವುಗಳಿಗೊಂದು ಕಟ್ಟುಪಾಡು: ಮನೆಯಲ್ಲಿರುವವರ ಹೊತ್ತನ್ನು ಮಾತ್ರ ತಿನ್ನಬಹುದು, ಕೆಲಸದಲ್ಲಿರುವವರನ್ನು ಮುಟ್ಟಿದರೆ ಹಲ್ಲು ಉದುರುತ್ತದೆ. ಅದಕ್ಕೇ ಆ ಸಲ ಹುಣ್ಣಿಮೆಗೆ ಒಂದು ತಿಂಗಳಿರುವಾಗ ಅವನು ಶಾಲೆಯನ್ನೇ ಕೆರೆ ಮಾಡಿಬಿಟ್ಟ. ಬೆಳಿಗ್ಗೆ ಬಂದವರಿಗೆ ಕಂಡದ್ದು ಸೂರಿನ ತುದಿಯಲ್ಲಿ ಕೂತ ಕೊಕ್ಕರೆ.

"ಅವರವರ ಮನೆಯಲ್ಲೇ ಹೆಣೆಯಿರಿ" ಎಂದು ಅರಸ ಅಪ್ಪಣೆ ಕೊಟ್ಟ.

ಹುಣಸೆಬೀದಿಯ ಅಡಿವೆಪ್ಪ ಎಳೆಯ ಉಂಡೆ ಹೊತ್ತು ಖುಷಿಯಿಂದಲೇ ಮನೆಗೆ ಬಂದ. ಮೂರು ಸಾವಿರ ಗಂಟು ಬೇಕು. ಶಾಲೆಯಲ್ಲಿ ದಿನಕ್ಕೆ ಇನ್ನೂರು ಹಾಕುತ್ತಿದ್ದವನು. ಹದಿನೈದು ದಿನದ ಕೆಲಸಕ್ಕೆ ಮೂವತ್ತು ದಿನ. ಕಾಲು ಚಾಚಿ ಕೂತ.

ಮೊದಲು ಬಂದದ್ದು ಗಿಳಿ. ಕಿಟಕಿಯಲ್ಲಿ ಕೂತು, "ಮೇಲಿನ ಬೀದಿಯಲ್ಲಿ ಒಂದು ಸಂಗತಿ ಆಯಿತು, ಗೊತ್ತೇ?" ಎಂದಿತು.

"ಏನಾಯಿತು?"

ಗಿಳಿ ಹೇಳಿತು, ಅರ್ಧಕ್ಕೆ ನಿಲ್ಲಿಸಿತು, ಇನ್ನೊಂದು ಸಂಗತಿ ತೆಗೆಯಿತು. ಸಂಜೆ ಹೆಂಡತಿ ಗಂಗವ್ವ ಬಂದು ನೋಡಿದರೆ ಹನ್ನೊಂದು ಗಂಟು.

"ಕೂತೇ ಇದ್ದೆ ಕಣೇ. ಏಳಲೇ ಇಲ್ಲ" ಎಂದ ಅಡಿವೆಪ್ಪ. ಹೊತ್ತು ಎಲ್ಲಿ ಹೋಯಿತೆಂದು ಚಾಪೆ ಎತ್ತಿ ಕೂಡ ನೋಡಿದ.

ಐದು ದಿನ ಹೀಗೇ ಹೋಯಿತು. ಆರನೆಯ ದಿನ ಕಿಟಕಿ ಮುಚ್ಚಿದ. ಬಾಗಿಲಿನಿಂದ ಮುಂಗುಸಿ ಬಂತು.

"ಅಡಿವೆಪ್ಪಣ್ಣ, ಅಟ್ಟದ ಹಲಗೆ ಅಲ್ಲಾಡುತ್ತಿದೆಯಲ್ಲ. ಹೇಗೂ ಮನೆಯಲ್ಲೇ ಇದ್ದೀಯ."

ಹಲಗೆಗೆ ಮೊಳೆ ಹೊಡೆದ. ಮೊಳೆ ಹುಡುಕುವಾಗ ಹಳೆಯ ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಗೆ ಎಣ್ಣೆ ಹಚ್ಚಿದ. ಎಣ್ಣೆ ಚೆಲ್ಲಿತು, ನೆಲ ತೊಳೆದ. ಮೈಮುರಿದು ದುಡಿದಿದ್ದ, ಗಂಟು ಮಾತ್ರ ಒಂಬತ್ತು. ಇನ್ನೂ ಐದು ದಿನ ಹೋಯಿತು.

ಹನ್ನೊಂದನೆಯ ದಿನ ಬಾಗಿಲನ್ನೂ ಹಾಕಿದ. ಬೆಕ್ಕು ಹೊರಗಿನಿಂದ ಬರಲೇ ಇಲ್ಲ. ನೋಡಿದರೆ ತೊಡೆಯ ಮೇಲೆಯೇ ಇತ್ತು, ಬೆಚ್ಚಗೆ.

"ಒಂದು ಗಳಿಗೆ ಒರಗಿಕೋ. ಆಮೇಲೆ ಕೈ ಚುರುಕಾಗುತ್ತದೆ."

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಯಾವ ದಿನದ ಸಂಜೆ ಎಂಬುದೂ ತಿಳಿಯಲಿಲ್ಲ. ಮೊದಲಿನಿಂದ ಒಟ್ಟು ಹದಿನೈದು ದಿನ ಹೀಗೆ ಕರಗಿ ಹೋಗಿತ್ತು.

ಆರು ವರ್ಷದ ಮಗಳು ಹೊನ್ನಿ ಅಂಗೈಯಗಲದ ಬಲೆಯನ್ನು ತಲೆಯ ಮೇಲೆ ಹೊದ್ದುಕೊಂಡು, "ಇದು ನನಗೆ ಸಾಕಾಗುತ್ತಾ ಅಪ್ಪ?" ಎಂದಳು.

ಗಂಗವ್ವ ಎದುರು ಬಂದು ಕೂತಳು. "ಒಂದು ಕೇಳುತ್ತೇನೆ, ಹೇಳಿ. ನೀವೀಗ ಮನೆಯಲ್ಲಿದ್ದೀರೋ, ಕೆಲಸದಲ್ಲಿದ್ದೀರೋ?"

"ಎರಡೂ... ಅಲ್ಲ, ಎರಡರಲ್ಲೂ ಇಲ್ಲ. ತಿಳಿಯುತ್ತಿಲ್ಲ ಗಂಗೀ."

"ನನಗೂ ತಿಳಿಯುತ್ತಿಲ್ಲ. ಸುಮ್ಮನೆ ಕೂತಿದ್ದೀರಿ ಅಂತ ನಾನೂ ಉಪ್ಪಿನ ಭರಣಿ ಇಳಿಸಿಕೊಡಿ ಅನ್ನುತ್ತೇನೆ. ಶಾಲೆಯಲ್ಲಿ ಯಾರಾದರೂ ಹಾಗೆ ಕೂಗುತ್ತಿದ್ದರೇ?"

"ಅಲ್ಲಿ ಹೇಗೆ ಕೂಗುತ್ತಾರೆ? ಹೊಸ್ತಿಲಾಚೆ ಚಪ್ಪಲಿ ಬಿಡುತ್ತೇವೆ. ಮೂತಿ ಒಳಕ್ಕಿದ್ದರೆ ಅರಸನೂ ಕರೆಯುವಂತಿಲ್ಲ. ಎದ್ದು ಬಂದು ಹೊರಕ್ಕೆ ತಿರುಗಿಸಿದ ಮೇಲೆಯೇ ಮಾತು."

"ಈಗ ಚಪ್ಪಲಿ ಎಲ್ಲಿದೆ?"

ಅಂಗಳದಲ್ಲಿ ಒಂದು ಮಗುಚಿಕೊಂಡಿತ್ತು. ಇನ್ನೊಂದರ ಕೆಳಗೆ ಇರುವೆ ಗೂಡು ಮಾಡಿತ್ತು.

ಮರುದಿನ ಬೆಳಿಗ್ಗೆ ಅಡಿವೆಪ್ಪ ರೊಟ್ಟಿ ತಿಂದು, ರುಮಾಲು ಸುತ್ತಿ, ಚಪ್ಪಲಿ ಮೆಟ್ಟಿ, "ಹೋಗಿಬರುತ್ತೇನೆ" ಎಂದು ಹೊರಟ. ಬೀದಿಯ ತುದಿಯ ಹುಣಸೆಮರ ಸುತ್ತಿ, ಹಿತ್ತಲಿನಿಂದ ತನ್ನದೇ ಕೊಟ್ಟಿಗೆಗೆ ಬಂದ.

"ಎಮ್ಮೆಗೆ ಸೊಳ್ಳೆಪರದೆ ಹೆಣೆಯುತ್ತಾನೇನೋ" ಎಂದು ಪಕ್ಕದ ಮನೆಯವರು ನಕ್ಕರು. ಅಡಿವೆಪ್ಪ ಚಪ್ಪಲಿಯ ಮೂತಿ ಒಳಕ್ಕೆ ಮಾಡಿಟ್ಟು ಕೂತ.

ಮೂರು ಪ್ರಾಣಿಗಳೂ ಮುಂಬಾಗಿಲಿಗೆ ಬಂದವು. ಹೊನ್ನಿ ಅಡ್ಡ ನಿಂತಿದ್ದಳು.

"ಅಪ್ಪ ಎಲ್ಲಿ?" ಎಂದಿತು ಗಿಳಿ.

"ಕೆಲಸಕ್ಕೆ ಹೋದ."

"ಅಗೋ, ಕೊಟ್ಟಿಗೆಯಲ್ಲಿ ಕಾಣುತ್ತಿದ್ದಾನಲ್ಲ" ಎಂದಿತು ಮುಂಗುಸಿ.

"ಕೆಲಸ ಅಲ್ಲೇ ಇರೋದು. ಚಪ್ಪಲಿ ನೋಡು."

ಮುಂಗುಸಿ ನಂಬದೆ ಹೋಗಿ ಅಡಿವೆಪ್ಪನ ಪಂಚೆ ಕಚ್ಚಿತು. ಮುಂದಿನ ಎರಡು ಹಲ್ಲು ಟಪಟಪನೆ ಉದುರಿದವು. ಬೆಕ್ಕು ಬಾಯಿ ಮುಚ್ಚಿಕೊಂಡು ಹಿಂದೆ ಸರಿಯಿತು. ಗಿಳಿ ಮಾತ್ರ ಸೂರಿನ ಮೇಲಿಂದ, "ಅವತ್ತಿನ ಸಂಗತಿಯ ಕೊನೆ ಹೇಳಲೇ ಇಲ್ಲವಲ್ಲ ನಾನು" ಎಂದಿತು.

ಅಡಿವೆಪ್ಪನ ಕಾಲು ತಾನಾಗಿ ಎದ್ದಿತು. ಹೊಸ್ತಿಲವರೆಗೆ ಬಂತು. ಹೊರಗೆ ಹೋಗಬೇಕಾದರೆ ಚಪ್ಪಲಿ ತಿರುಗಿಸಬೇಕು. ತಿರುಗಿಸಿದರೆ ಇವತ್ತಿನ ಕೆಲಸ ಮುಗಿಯಿತೆಂದು ಅರ್ಥ. ಮುಗಿದಿರಲಿಲ್ಲ. ಹೋಗಿ ಕೂತ. ಸಂಜೆಗೆ ಇನ್ನೂರು ಗಂಟು. ಅಂದಿನಿಂದ ಮನೆ ಯಾವುದು, ಕೆಲಸ ಯಾವುದು ಎಂಬುದು ಚಪ್ಪಲಿ ನೋಡಿದರೆ ತಿಳಿಯುತ್ತಿತ್ತು.

ನಕ್ಕವರ ಹೊತ್ತನ್ನೂ ಪ್ರಾಣಿಗಳು ಅಷ್ಟಿಷ್ಟು ತಿನ್ನುತ್ತಿದ್ದವು; ಅವರೂ ನಾಲ್ಕೇ ದಿನಕ್ಕೆ ಕಲಿತರು. ಊರಿನ ಉಳಿದ ತೊಂಬತ್ತೊಂಬತ್ತು ಹೆಣಿಗೆಯವರೂ ಜಗುಲಿಯಲ್ಲೋ ಅಟ್ಟದಲ್ಲೋ ಒಂದು ಹೊಸ್ತಿಲು ಮಾಡಿಕೊಂಡು ಚಪ್ಪಲಿ ಒಳಮುಖ ಮಾಡಿದರು. ಪ್ರಾಣಿಗಳಿಗೆ ತಿನ್ನಲು ಹೊತ್ತೇ ಸಿಗಲಿಲ್ಲ. ಹಸಿದು ಹಸಿದು ಯಜಮಾನನ ಗವಿಗೆ ಹೋದವು.

ಗವಿ ಮಬ್ಬರಾಯನ ಮನೆ. ಕೆರೆಯನ್ನು ಹಿಡಿದಿಡಲು ದಿನಕ್ಕೆ ಸಾವಿರ ಸಲ ಮಂತ್ರ ಜಪಿಸಬೇಕಿತ್ತು. ಅವನು ಅದನ್ನು ಹಾಸಿಗೆಯಲ್ಲೇ ಬಿದ್ದುಕೊಂಡು ಜಪಿಸುತ್ತಿದ್ದ. ಗಿಳಿ, "ಊರಲ್ಲೊಂದು ಸಂಗತಿ ಆಯಿತು" ಎಂದಿತು. ಮುಂಗುಸಿ, "ಗವಿಯ ಸೂರು ಬಿರುಕು ಬಿಟ್ಟಿದೆ" ಎಂದಿತು. ಬೆಕ್ಕು ತೊಡೆ ಏರಿತು.

"ಎಷ್ಟನೆಯದರಲ್ಲಿದ್ದೆ ನಾನು?" ಎಂದ ಮಬ್ಬರಾಯ. ಲೆಕ್ಕ ತಪ್ಪಿತು, ಜಪ ನಿಂತಿತು. ಕೆರೆ ಬತ್ತಿತು. ಅವನ ಹೊತ್ತೆಲ್ಲ ಖರ್ಚಾಗಿ, ಮೈ ತೆಳುವಾಗಿ, ಗವಿಯೊಳಗಿನ ಮಂಜಾಗಿ ಉಳಿದ.

ಹುಣ್ಣಿಮೆ ಬಂತು. ಊರಿಗೆಲ್ಲ ಬಲೆ ಏರಿತ್ತು. ಹುಣಸೆಬೀದಿಯ ಬಲೆಯೂ ಏರಿತ್ತು, ಒಂದು ಅಂಚು ಬಿಟ್ಟು. ಆ ಅಂಚು ಕೊಟ್ಟಿಗೆಯಲ್ಲಿ ಅಡಿವೆಪ್ಪನ ಕೈಯಲ್ಲಿತ್ತು. ಒಳಮುಖದ ಚಪ್ಪಲಿಗಳ ಮೇಲೆ ಮೂರು ತಲೆಯ ನೆರಳು ಬಿತ್ತು. ಅವನು ತಲೆ ಎತ್ತಲಿಲ್ಲ. ಕೊನೆಯ ಗಂಟು ಬಿಗಿದ.

ಹದ್ದು ಎರಗಿತು. ಮೂರು ತಲೆ ಮೂರು ಕಣ್ಣಿಯಲ್ಲಿ ಸಿಕ್ಕಿಕೊಂಡವು. ಸಾಕಿದವನೇ ಇಲ್ಲವಾದ ಮೇಲೆ ಮಾಯೆ ಎಲ್ಲಿಯದು? ಒದ್ದಾಡುತ್ತಾ ಒದ್ದಾಡುತ್ತಾ ಸಣ್ಣದಾಗಿ, ಗುಬ್ಬಿಯಾಗಿ, ಪುರ್ರನೆ ಹಾರಿಹೋಯಿತು.

ಅಡಿವೆಪ್ಪ ಎದ್ದು ಬಂದು ಚಪ್ಪಲಿಯನ್ನು ಹೊರಕ್ಕೆ ತಿರುಗಿಸಿದ. ಅದಕ್ಕೇ ಕಾಯುತ್ತಿದ್ದ ಹೊನ್ನಿ ಓಡಿಬಂದು ಹೆಗಲೇರಿದಳು.

ಶಾಲೆ ಮತ್ತೆ ತೆರೆಯಿತು. ಅರ್ಧ ಜನ ಅಲ್ಲಿಗೆ ಹೋದರು, ಅರ್ಧ ಜನ ಮನೆಯಲ್ಲೇ ಉಳಿದರು. ಎರಡೂ ಕಡೆಯ ಗಂಟು ಒಂದೇ ಬಿಗಿ ಇದ್ದುದರಿಂದ ಅರಸ ತಕರಾರು ಮಾಡಲಿಲ್ಲ. ಕಂಚಿನಕೋಟೆಯವರು ಹೊತ್ತಿಗೆ ದುಡಿದು, ಹೊತ್ತಿಗೆ ಉಂಡು, ಮಕ್ಕಳು ಮೊಮ್ಮಕ್ಕಳೊಡನೆ ನೂರು ಕಾಲ ಸುಖವಾಗಿದ್ದರು. ಗಿಳಿಯ ಸಂಗತಿಯ ಕೊನೆ ಏನಾಯಿತೆಂದು ಯಾರೂ ಕೇಳಲಿಲ್ಲ.