ಆಶಾಲತಾಳ ಕೊಲಂಬೊ ರೈಲು

"ಬುರುಡೆ ಸಾರ್! ಶುದ್ಧ ಬುರುಡೆ!" ನೆಲ್ಲಿ ಎಂಬ ಹುಡುಗಿ ಬೆಂಚಿನಿಂದ ಎದ್ದೇ ನಿಂತಳು. "ಕೊಲಂಬೊ ಬೇರೆ ದೇಶ ಅಲ್ವಾ? ನಡುವೆ ಕಡಲು ಉಂಟು. ಅಲ್ಲಿಗೆ ರೈಲು ಹೇಗೆ ಹೋಗ್ತದೆ?"

ಐದನೇ ಕ್ಲಾಸು ಘೊಳ್ಳೆಂದು ನಕ್ಕಿತು. ಬೇಸಿಗೆ ರಜೆಯಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳುವ ದಿನ ಅದು. ಆಶಾಲತಾ ಸರ್ವೋತ್ತಮ ಮಾವನ ಜೊತೆ ಹೋಗಿ ಕೊಲಂಬೊ ನೋಡಿ ಬಂದದ್ದು ದೇವರಾಣೆಗೂ ನಿಜ. ಮಾವನಿಗೆ ಅಲ್ಲಿ ಹೋಟೆಲಿತ್ತು. ಮಂಗಳೂರಿನಲ್ಲಿ ರೈಲು ಹತ್ತಿದೆವು, ಕೊಲಂಬೊದಲ್ಲಿ ರೈಲಿನಿಂದ ಇಳಿದೆವು ಎಂದು ಅವಳು ಹೇಳಿದ್ದೂ ಸುಳ್ಳಲ್ಲ. ಆದರೆ ನಡುವಿನ ಒಂದು ಸಂಗತಿಯನ್ನು ಮೆಲ್ಲಗೆ ನುಂಗಿಬಿಟ್ಟಿದ್ದಳು.

ಚಕ್ರಪಾಣಿ ಮಾಸ್ಟ್ರು ಗೋಡೆಯ ನಕ್ಷೆಯ ಮೇಲೆ ಬೆತ್ತ ಇಟ್ಟರು. "ಇಲ್ಲಿವರೆಗೆ ನಮ್ಮ ದೇಶ. ಮತ್ತೆ ಬರೀ ನೀಲಿ. ಇಲ್ಲಿ ಎಂತ ಮಾಡಿದ್ದು ಆಶಾಲತಾ?"

ಆ ನೀಲಿಯಲ್ಲಿ ಮಾಡಿದ್ದನ್ನು ಹೇಳುವುದಾದರೂ ಹೇಗೆ! ಆ ಕಾಲದಲ್ಲಿ ರೈಲು ಕಡಲಂಚಿನವರೆಗೆ ಹೋಗುತ್ತಿತ್ತು; ಅಲ್ಲಿಳಿದು ಅವರು ಹಡಗು ಹತ್ತಿದ್ದರು. ಅದು ಓಲಾಡತೊಡಗಿದ್ದೇ ತಡ, ಆಶಾಲತಾ ಮಾವನ ಬಿಳಿ ಅಂಗಿಯ ತುಂಬ ವಾಂತಿ ಮಾಡಿದ್ದಳು. "ಮಂಗಳೂರಿನ ಹುಡುಗಿಗೆ ಕಡಲು ಆಗುದಿಲ್ವಾ ಮಾರಾಯ್ತಿ!" ಎಂದು ಮಾವ ದಾರಿಯುದ್ದಕ್ಕೂ ನಕ್ಕಿದ್ದರು. ಇದು ಕ್ಲಾಸಿಗೆ ಗೊತ್ತಾದರೆ ವರ್ಷವಿಡೀ ನಗುತ್ತಾರೆ. ಹೇಳದಿದ್ದರೆ ಸುಳ್ಳುಗಾರ್ತಿ ಎಂಬ ಹೆಸರು ಖಾಯಂ.

ಹಿಂದಿನ ಬೆಂಚಿನ ಸಮದ್ ಕೈ ಎತ್ತಿದ. ಅವನು ಬೆಂಗ್ರೆಯವನು, ದಿನಾ ಬೋಟಿನಲ್ಲಿ ಹೊಳೆ ದಾಟಿ ಶಾಲೆಗೆ ಬರುವವನು.

"ಸಾರ್, ನಡುವೆ ಬೋಟು ಇರ್ಬೇಕು. ಈಚೆ ಒಂದು ರೈಲು, ಆಚೆ ಇನ್ನೊಂದು. ನಾನು ಸಹ ಹಾಗೇ ಅಲ್ವಾ? ಆಚೆ ಸ್ವಲ್ಪ ನಡೆಯುದು, ಮತ್ತೆ ಬೋಟು, ಈಚೆ ಪುನಃ ನಡೆಯುದು."

ಎಲ್ಲರೂ ಆಶಾಲತಾಳ ಕಡೆ ತಿರುಗಿದರು. ಅವಳು ಲಂಗದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೌದು ಸಾರ್, ಹಡಗು ಇತ್ತು. ನಾನು... ಮಾವನ ಅಂಗಿಗೆ ವಾಂತಿ ಮಾಡಿದೆ. ಅದಕ್ಕೇ ಹೇಳ್ಲಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಸ್ಟ್ರ ಮೀಸೆಯೂ ಅಲುಗಿತು.

"ನಗ್ಲಿಕ್ಕೆ ಎಂತ ಉಂಟು?" ಎಂದ ಸಮದ್. "ನನ್ನ ಅಪ್ಪ ಮೀನಿನ ಬೋಟಿಗೆ ಹೋಗುವವರು. ಸುರುವಿಗೆ ಅವರಿಗೂ ಮೂರು ದಿನ ವಾಂತಿಯಂತೆ!"

"ಅಂಗಿ ಎಂತ ಆಯ್ತು?" ನೆಲ್ಲಿಗೆ ಅದೇ ಚಿಂತೆ.

"ಮಾವ ಅದನ್ನು ಕಡಲಿಗೆ ಬಿಸಾಡಿದ್ರು. ಬನಿಯನ್‌ನಲ್ಲೇ ಕೊಲಂಬೊ ಸ್ಟೇಷನಲ್ಲಿ ಇಳಿದ್ರು!"

ಈಗ ಆಶಾಲತಾಳಿಗೂ ನಗು ತಡೆಯಲಾಗಲಿಲ್ಲ.

"ಮತ್ತೆ? ಹೇಳು ಮಾರಾಯ್ತಿ," ಎಂದಳು ನೆಲ್ಲಿ.

ಆಶಾಲತಾ ಹೇಳಿದಳು. ಎರಡು ಮಾಳಿಗೆಯ ಕೆಂಪು ಬಸ್ಸು, ಅದರ ಮೇಲಿನ ಮಾಳಿಗೆಯ ಎದುರಿನ ಸೀಟು. ಕಡಲಿನ ಬದಿಯಲ್ಲೇ ಓಡುವ ರೈಲು, ಅದರ ಕಿಟಕಿಯಿಂದ ಮುಖಕ್ಕೆ ಹಾರಿದ ಉಪ್ಪು ನೀರು. ಯಾರೂ ಬುರುಡೆ ಎನ್ನಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಆರನೇ ಕ್ಲಾಸಿನ ಹುಡುಗಿಯರೂ ಬಂದು ಸುತ್ತ ಕೂತರು. "ಕೊಲಂಬೊ ಕತೆ ನಮಗೂ ಹೇಳು."

ಆಶಾಲತಾ ಪಕ್ಕಕ್ಕೆ ಸರಿದು ಸಮದನಿಗೆ ಜಾಗ ಮಾಡಿಕೊಟ್ಟಳು. ಆಮೇಲೆ ಕತೆಯನ್ನು ಹಡಗಿನಿಂದಲೇ ಸುರು ಮಾಡಿದಳು.