ಮುಫ್ಲಿಸ್ ಗೋಪಮ್ಮ ಹಾಜರ್!

"ನಾ ಹೆಬ್ಬಟ್ಟು ಒತ್ತಂಗಿಲ್ರಿ ಯಪ್ಪಾ!"

ಗೋಪಮ್ಮ ಮಸಿ ಮೆತ್ತಿದ ಹೆಬ್ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ರಾಯಚೂರಿನ ವಕೀಲ ಶೇಷಗಿರಿರಾಯರು ಕನ್ನಡಕ ಮೇಲೇರಿಸಿ ಪಿಳಿಪಿಳಿ ನೋಡಿದರು. ಹತ್ತು ವರ್ಷದ ಮಗಳು ಶೇಖಮ್ಮ ತಲೆ ತಗ್ಗಿಸಿದಳು. ತಪ್ಪು ಅವಳದೇ ಆಗಿತ್ತು.

ಆದದ್ದಿಷ್ಟು. ಮಾನ್ವಿಯಲ್ಲಿರುವ ಅವರ ಮನೆಯ ಜಾಗ ತನ್ನದೆಂದು ಪಕ್ಕದ ಸಾಹುಕಾರ ತಗಾದೆ ತೆಗೆದಿದ್ದ. ಗೋಡೆ ಕಟ್ಟಲು ಅಂಗಳದಲ್ಲಿ ಕಲ್ಲು ಕೂಡ ತಂದು ಹಾಕಿಸಿದ್ದ. ಕೋರ್ಟಿಗೆ ಹೋಗೋಣವೆಂದರೆ ಅರ್ಜಿಗೆ ಹಚ್ಚುವ ದುಬಾರಿ ಸ್ಟಾಂಪು ಕೊಳ್ಳುವುದು ಕೂಲಿ ಮಾಡುವ ಗೋಪಮ್ಮನಿಂದ ಆಗದ ಮಾತು. ಬಡವರಿಂದ ಫೀಸು ಮುಟ್ಟದ ವಕೀಲರೊಬ್ಬರು ರಾಯಚೂರಿನಲ್ಲಿದ್ದಾರೆಂದು ಕೇಳಿ, ತಾಯಿ ಮಗಳು ಇದ್ದಲಿನಿಂದ ಓಡುವ ಬಸ್ಸು ಹತ್ತಿ ಬಂದಿದ್ದರು.

ರಾಯರು ಉರ್ದುವಿನಲ್ಲಿ ಅರ್ಜಿ ಬರೆದರು. ನಿಜಾಮರ ಕೋರ್ಟಿನಲ್ಲಿ ಉರ್ದುವೇ ನಡೆಯುತ್ತಿತ್ತು, ಶೇಖಮ್ಮನ ಸಾಲೆಯಲ್ಲೂ ಅಷ್ಟೇ. ತನಗೆ ಓದಲು ಬರುತ್ತದೆಂಬ ಜಂಬದಲ್ಲಿ ಅವಳು ಕಾಗದ ಇಣುಕಿ, "ಮುಫ್ಲಿಸ್ ಗೋಪಮ್ಮ" ಎಂದು ಗಟ್ಟಿಯಾಗಿ ಓದಿಬಿಟ್ಟಳು.

"ಹಂಗಂದ್ರೇನು?" ಅವ್ವ ಕೇಳಿದಳು.

"ಗತಿ ಇಲ್ಲದಾಕಿ ಅಂತ ಬೇ. ಬರಿಯೋ ಪಾಟಿ ತರದಿದ್ರ ಮಾಸ್ತರು ನನಗ ಹಂಗಽ ಬೈತಾರ."

ಮುಗಿಯಿತು ಕತೆ!

"ದುಡಿದು ತಿನ್ನಾಕಿ ನಾನು. ಮನಿ ಹೋದ್ರ ಹೋಗಲಿ, ಈ ಹೆಸರು ಬ್ಯಾಡ್ರಿ," ಎಂದು ಗೋಪಮ್ಮ ಎದ್ದೇ ನಿಂತಳು.

ಶೇಖಮ್ಮ ಅವ್ವನ ಸೆರಗು ಹಿಡಿದೆಳೆದಳು. ತನ್ನ ನಾಲಿಗೆಯಿಂದ ಮನೆಯೇ ಹೋದರೆ?

"ಕೂಡವ್ವಾ," ರಾಯರು ನಕ್ಕರು. "ಇಲ್ಲಿ ಅದು ಬೈಗುಳಲ್ಲ. ಸ್ಟಾಂಪು ಕೊಳ್ಳಾಕ ಆಗದವರು ಹೆಸರಿನ ಮುಂದ ಹಂಗ ಬರದ್ರ, ಕೋರ್ಟು ಪುಕ್ಕಟೆ ಒಳಗ ಬಿಡತದ. ಕಾಯ್ದೇನಽ ಹಂಗದ. ಇನ್ನ, ಅದು ಖರೆ ಅಂತ ತೋರಸಾಕ ನಿನ್ನ ಹತ್ರ ಇರೋದನ್ನೆಲ್ಲಾ ಅದರಾಗ ಬರೀಬೇಕು. ಏನೇನದ ಹೇಳು."

"ಎಲ್ಲಾ ಬರೀತೀರೇನ್ರಿ?" ಗೋಪಮ್ಮ ಠೀವಿಯಿಂದ ಕುಳಿತಳು. "ಬರೀರಿ ಮತ್ತ. ಬೀಸೋ ಕಲ್ಲು. ಎರಡು ಕುಡಗೋಲು. ಮೂರು ಕೋಳಿ."

"ಒಂದು ಕುಂಟತದ ಬೇ," ಶೇಖಮ್ಮ ಮೆಲ್ಲಗೆ ನೆನಪಿಸಿದಳು.

"ಕುಂಟಿದ್ರೂ ತತ್ತಿ ಇಡತದ, ಬರೀರಿ! ಆಮ್ಯಾಲ, ಉರ್ದು ಓದೋ ಮಗಳು ಒಬ್ಬಾಕಿ."

ರಾಯರ ಲೇಖನಿ ನಿಂತಿತು. "ಅದನ್ನ ಬರದ್ರ ನೀ ಸಾಹುಕಾರ್ತಿ ಆಗಿಬಿಡ್ತಿ. ಅರ್ಜಿ ವಜಾ ಆಗತದ!"

ಗೋಪಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಹೆಬ್ಬಟ್ಟು ಒತ್ತಿದಳು.

ಎಂಟು ದಿನಗಳ ಮೇಲೆ ಕೋರ್ಟಿನ ಪಡಸಾಲೆ ಜನರಿಂದ ಗಿಜಿಗುಟ್ಟುತ್ತಿತ್ತು. ಹೆಸರು ಕೂಗಿದಾಗ ಸಾಲೆಯಲ್ಲಿ ಏನು ಹೇಳುತ್ತಾರೆಂದು ಶೇಖಮ್ಮ ಅವ್ವನಿಗೆ ಕಲಿಸಿದ್ದಳು.

"ಮುಫ್ಲಿಸ್ ಗೋಪಮ್ಮ!" ಜವಾನ ಕೂಗಿದ. ಎಲ್ಲರೂ ತಿರುಗಿ ನೋಡಿದರು. ಶೇಖಮ್ಮನಿಗೆ ನಾಚಿಕೆಯಾಯಿತು.

ಅವ್ವ ಮಾತ್ರ ಸೆರಗು ಸರಿಪಡಿಸಿಕೊಂಡು, "ಹಾಜರ್!" ಎಂದಳು. ಆ ದನಿಗೆ ಸೂರಿನ ಪಾರಿವಾಳಗಳು ಪಟಪಟನೆ ಹಾರಿದವು.

ಮುನ್ಸೀಫರು ಅರ್ಜಿ ಓದಿದರು. ಕುಂಟ ಕೋಳಿಯ ಹತ್ತಿರ ಬಂದಾಗ ಅವರ ಮೀಸೆ ಕುಣಿಯಿತು. ಸ್ಟಾಂಪು ಬೇಡ, ತೀರ್ಪು ಬರುವವರೆಗೆ ಯಾರೂ ಆ ಅಂಗಳದಲ್ಲಿ ಒಂದು ಕಲ್ಲೂ ಇಡಕೂಡದು ಎಂದು ಬರೆದು ಸಹಿ ಹಾಕಿದರು.

ಮರುದಿನ ಸಾಲೆಗೆ ಓಡುವಾಗ ಶೇಖಮ್ಮನ ಪಾಟಿ ಬಿದ್ದು ಒಡೆಯಿತು.

"ಎಲ್ಲಿ ಪಾಟಿ, ಮುಫ್ಲಿಸ್?" ಮಾಸ್ತರು ಗದರಿದರು. ಹುಡುಗರು ಕಿಸಕ್ಕೆಂದರು.

ಶೇಖಮ್ಮ ಈ ಸಲ ತಲೆ ತಗ್ಗಿಸಲಿಲ್ಲ. ಲಂಗ ಸರಿಪಡಿಸಿಕೊಂಡು ನೆಟ್ಟಗೆ ಎದ್ದು ನಿಂತಳು.

"ಹಾಜರ್!" ಎಂದಳು, ಥೇಟ್ ಅವ್ವನ ದನಿಯಲ್ಲಿ.