ಸೇತುವೆಯಾಚೆಯ ಬೆಂಕಿ

ಬೆಂಕಿ ಆರುವಷ್ಟರಲ್ಲಿ ಬೆಳಗಾಗಿತ್ತು. ಹೊಸ ಕಟ್ಟಡದ ಮರದ ಚೌಕಟ್ಟು ಕರಕಲಾಗಿ ನಿಂತಿತ್ತು. ಮೆಟ್ಟಿಲ ಬುಡದಲ್ಲಿ ಕರಗಿದ ಪೆಟ್ರೋಲ್ ಕ್ಯಾನು. ಆರಿಸಲು ಹೋದ ಕಾವಲುಗಾರ ಕ್ಲಿಯಾನ್ ಮೇಬ್ರಿ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ.

ಡಿಟೆಕ್ಟಿವ್ ರೆನಾಟಾ ಡೊಬೋಶ್ ತಣ್ಣಗಾದ ಕಾಫಿ ಹಿಡಿದು ನೋಡುತ್ತ ನಿಂತಳು. ಜಾಗ ಪೆನ್ಸಿಲ್ವೇನಿಯಾದ್ದು. ಕಟ್ಟಿಸುತ್ತಿದ್ದದ್ದು ನದಿಯಾಚೆಯ ನ್ಯೂಜೆರ್ಸಿ ಪಟ್ಟಣದ ವಸತಿ ಪ್ರಾಧಿಕಾರ. ಅಲ್ಲಿ ಜಾಗವಿಲ್ಲ. ಶಿಥಿಲವಾದ ಹಳೆಯ ವಸತಿ ಕಟ್ಟಡವನ್ನು ಕೆಡವಿ, ಅಲ್ಲಿನ ಬಡ ಬಾಡಿಗೆದಾರರನ್ನೆಲ್ಲ ಸೇತುವೆ ದಾಟಿಸಿ ಇಲ್ಲಿಗೆ ತರುವ ಏರ್ಪಾಡು. ಎರಡು ರಾಜ್ಯಗಳು ಸೇರಿ ಮಾಡುವ ಕೆಲಸಕ್ಕೆ ಎರಡೂ ಕಡೆಯಿಂದ ಬೈಗುಳ ಸಿಗುತ್ತಿತ್ತು.

ಬೇಲಿಯ ಪಕ್ಕದ ಮನೆಯವನು ವೆಂಡೆಲ್ ಸ್ಟ್ರೋಮ್. ಅಂಗಳದ ತುಂಬ ಅವನ ವಿರೋಧದ ಬೋರ್ಡುಗಳು. ಅವನನ್ನು ಎಳೆದು ತಂದರೆ ಕೇಸು ಮುಗಿಯಿತು ಎಂದು ಮೇಲಧಿಕಾರಿ ಫೋನಿನಲ್ಲಿ ಹೇಳಿಯಾಗಿತ್ತು.

"ಆಚೆ ದಡದೋರು ಇಲ್ಲಿಗೆ ಬರೋದು ನಂಗಿಷ್ಟ ಇಲ್ಲ, ನಿಜ," ಎಂದ ವೆಂಡೆಲ್. "ಆದ್ರೆ ಗಾಳಿ ನನ್ನ ಮನೆ ಕಡೆಗೇ ಬೀಸ್ತಿತ್ತು. ನನ್ನ ಮನೆಗೆ ನಾನೇ ಬೆಂಕಿ ಇಟ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಅವನ ಗೋಡೆಯ ಬಣ್ಣ ಬೆಂಕಿಯ ಝಳಕ್ಕೆ ಬೊಬ್ಬೆ ಎದ್ದಿತ್ತು. ರೆನಾಟಾ ಕಾರು ಹತ್ತಿದಳು.

* * *

ಕ್ಲಿಯಾನ್‌ನ ಕೈಗಳಿಗೆ ಮೊಣಕೈವರೆಗೂ ಬ್ಯಾಂಡೇಜು. ಬೆಂಕಿ ಇಟ್ಟವನನ್ನು ಅವನು ಕಂಡಿರಲಿಲ್ಲ. ಅಂದು ಎಲ್ಲವೂ ಕೆಟ್ಟದಾಗಿಯೇ ಶುರುವಾಗಿತ್ತು, ಕೆಲಸಕ್ಕೆ ಬರುವಾಗ ಸೇತುವೆಯ ಈ ಕಡೆಯ ಪೆಟ್ರೋಲ್ ಬಂಕಿನಲ್ಲೇ ತಡವಾಯಿತು ಎಂದು ಗೊಣಗಿದ.

"ಮುಂದಿನ ಕಾರಲ್ಲೊಬ್ಬ ಮುದುಕ. ಗಾಜು ಇಳಿಸ್ಕೊಂಡು ಕೂತೇ ಇದಾನೆ. ಹಾರ್ನ್ ಹೊಡೆದ್ರೂ ಕದಲ್ಲ. ಹೋಗಿ ನೋಡಿದ್ರೆ, ಪಾಪ, ಯಾರಾದ್ರೂ ಬಂದು ಹಾಕ್ತಾರೆ ಅಂತ ಕಾಯ್ತಿದ್ದ. ಪೈಪ್ ಹಿಡಿಯೋಕೇ ಬರಲ್ಲ. ನಾನೇ ಹಾಕ್ಕೊಟ್ಟೆ."

"ಕಾರಿಗಾ?"

"ಕ್ಯಾನಿಗೆ. ಹೊಚ್ಚ ಹೊಸದು. ಹಿಂದಿನ ಸೀಟಲ್ಲಿ ಗಾಲಿಕುರ್ಚಿ ಮಡಚಿಟ್ಟಿದ್ದ, ಅದರ ಪಕ್ಕ ಇಟ್ಟೆ."

ರೆನಾಟಾ ಕಣ್ಣು ಮುಚ್ಚಿಕೊಂಡಳು. ಪೆನ್ಸಿಲ್ವೇನಿಯಾದ ಈ ದಡದಲ್ಲಿ ಎಲ್ಲರೂ ತಮ್ಮ ಪೆಟ್ರೋಲ್ ತಾವೇ ಹಾಕಿಕೊಳ್ಳುತ್ತಾರೆ. ನ್ಯೂಜೆರ್ಸಿಯ ಆ ದಡದಲ್ಲಿ ಬಂಕಿನ ಹುಡುಗರೇ ಹಾಕಬೇಕು, ಅದು ಅಲ್ಲಿನ ಕಾನೂನು. ಮುದುಕ ಸೇತುವೆಯಾಚೆಯವನು. ಈ ಹೊಸ ಕಟ್ಟಡಕ್ಕೆ ಬರಬೇಕಿದ್ದ ಬಾಡಿಗೆದಾರರಲ್ಲೇ ಒಬ್ಬನಿರಬೇಕು.

* * *

ನ್ಯೂಜೆರ್ಸಿಯ ಆ ಹಳೆಯ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತ್ತು. ಮಂಡಿನೋವನ್ನು ಶಪಿಸುತ್ತ ರೆನಾಟಾ ಮೆಟ್ಟಿಲು ಹತ್ತಿದಳು. ಗಾಲಿಕುರ್ಚಿಯೂ ಕಾರೂ ಎರಡೂ ಇದ್ದ ಮನೆ ಒಂದೇ ಎಂದು ಕೆಳಗೆ ಕಾರು ನಿಲ್ಲಿಸುವಲ್ಲಿ ಕೇಳಿ ತಿಳಿದಿದ್ದಳು. ಲೂಥರ್ ಪೆಟಿವೇ ಎಂಬ ಮುದುಕ ಬಾಗಿಲು ತೆರೆದ. ಒಳಕೋಣೆಯಲ್ಲಿ ಅವನ ಹೆಂಡತಿ ವರ್ನೆಲ್ ಉಸಿರಿನ ಯಂತ್ರ ಹಾಕಿಕೊಂಡು ಮಲಗಿದ್ದಳು.

"ನಿಮ್ಮೂರಿನ ಬಂಕಲ್ಲಿ ಕ್ಯಾನಿಗೆ ಹಾಕಿಸ್ಕೊಂಡ್ರೆ ಹುಡುಗ್ರಿಗೆ ನೆನಪಿರುತ್ತೆ ಅಂತ ಸೇತುವೆ ದಾಟಿದ್ರಿ," ಎಂದಳು ರೆನಾಟಾ. "ಅಲ್ಲಿ ಹಾಕೋರು ಯಾರೂ ಬರಲ್ಲ ಅನ್ನೋದು ಮರೆತೋಯ್ತು."

ಅವನು ವಾದಿಸದೆ ಕಾರಣ ಹೇಳಿದ. ವರ್ನೆಲ್‌ಗೆ ನರ್ಸ್ ದಿನಾ ಬರುವುದು ಈ ರಾಜ್ಯ ಬಡವರಿಗೆ ಕೊಡುವ ವೈದ್ಯಕೀಯ ಕಾರ್ಡಿನ ಮೇಲೆ. ಗಡಿ ದಾಟಿದರೆ ಕಾರ್ಡು ರದ್ದು. ಅಲ್ಲಿ ಹೊಸ ಅರ್ಜಿ, ಹೊಸ ಸರದಿ. ಪ್ರಾಧಿಕಾರದ ಕಚೇರಿಗೆ ಎಷ್ಟೋ ಸಲ ಹೋಗಿ ಕೇಳಿದ್ದ. ಎರಡು ರಾಜ್ಯಗಳು ಮಾತಾಡುತ್ತಿವೆ ಎಂದಷ್ಟೇ ಹೇಳಿ ಕಳಿಸಿದ್ದರು.

"ಅವರ ಮಾತು ಮುಗಿಯೋವರೆಗೂ ಇವಳು ಉಸಿರು ಹಿಡ್ಕೊಂಡಿರ್ಬೇಕಾ?" ಎಂದ.

ರೆನಾಟಾ ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದಳು. "ನಿಮ್ಮನ್ನ ನಾನು ಹಿಡಿಯೋ ಹಾಗಿಲ್ಲ. ಇದು ನನ್ನ ರಾಜ್ಯ ಅಲ್ಲ. ನಿಮ್ಮ ಪೊಲೀಸರೇ ಬರ್ಬೇಕು, ಕೋರ್ಟಿಗೆ ಕಾಗದ ಹೋಗ್ಬೇಕು. ವಾರಗಟ್ಟಲೆ ಆಗುತ್ತೆ."

"ಗಡಿ ನಿಮಗೂ ಅಡ್ಡ ಬಂತು," ಎಂದು ಅವನು ಸಣ್ಣಗೆ ನಕ್ಕ. "ಕಾವಲುಗಾರ ಸುಟ್ಕೊಂಡ ಅಂತ ಟಿವೀಲಿ ಬಂತು. ಒಳಗ್ಯಾರೂ ಇಲ್ಲ ಅಂದ್ಕೊಂಡಿದ್ದೆ. ಹೇಗಿದಾನೆ?"

"ಬದುಕ್ತಾನೆ. ಕೈ ಮೊದಲಿನ ಹಾಗಾಗೋದು ಕಷ್ಟ." ಮುಂದಿನದನ್ನು ಅವಳು ಹೇಳದಿದ್ದರೂ ಆಗುತ್ತಿತ್ತು. "ಬಂಕಲ್ಲಿ ನಿಮಗೆ ಪೆಟ್ರೋಲ್ ಹಾಕ್ಕೊಟ್ಟೋನು ಅವನೇ."

ಲೂಥರ್ ಗೋಡೆ ಹಿಡಿದು ಕುರ್ಚಿಯಲ್ಲಿ ಕುಳಿತ. ಒಳಗಿನಿಂದ ವರ್ನೆಲ್, ಯಾರು ಬಂದಿರುವುದೆಂದು ಕೇಳಿದಳು.

"ನರ್ಸ್ ಬರ್ಲಿ, ಆಮೇಲೆ ಹೊರಡೋಣ," ಎಂದ ಅವನು ರೆನಾಟಾಗೆ, ಎದ್ದು ಕೋಟು ತೆಗೆದುಕೊಳ್ಳುತ್ತ. "ಯಾರೂ ಹಿಡಿಯೋದು ಬೇಡ. ನಾನೇ ಸೇತುವೆ ದಾಟ್ತೀನಿ. ಮೊದಲು ಅವನಿರೋ ಆಸ್ಪತ್ರೆ ಹತ್ರ ಕಾರು ನಿಲ್ಸಿ."